ನೆರವಿ ಮತ್ತು ಹೆಸರು

ಜನರು ಒಂದೆಡೆ ಕೂಡುವುದನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಕೊರತೆಯಿಲ್ಲ. ನೆರವಿ, ಸಂದಣಿ, ಕೂಟ, ಗಣ, ಸಭೆ, ಪರಿಷೆ ಎಂದು ಒಂದೊಂದಕ್ಕೂ ಒಂದೊಂದು ಛಾಯೆಯುಂಟು. ಆದರೆ ಕಲ್ಲು ಕೈಗೆತ್ತಿಕೊಂಡು ಒಬ್ಬನ ಮನೆಯ ಮುಂದೆ ನಿಂತ ಜನಕ್ಕೆ ಪ್ರತ್ಯೇಕವಾದ ಹೆಸರು ನಮ್ಮ ಬಳಕೆಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ‘ದೊಂಬಿ’ ಎಂಬುದು ಇಂದು ಹೆಚ್ಚಾಗಿ ಕೃತ್ಯವನ್ನು ಸೂಚಿಸುತ್ತದೆಯೇ ಹೊರತು ಅದರಲ್ಲಿ ಸೇರಿದವರನ್ನಲ್ಲ. ಇದು ಭಾಷೆಯ ದಾರಿದ್ರ್ಯವೆಂದು ನಮಗೆ ತೋರುವುದಿಲ್ಲ. ಆ ಕೃತ್ಯವನ್ನು ನಡೆಯಿಸಿದವರು ಮರುದಿನ ಬೆಳಗ್ಗೆ ಎಂದಿನಂತೆ ಅಂಗಡಿಯ ಬಾಗಿಲು ತೆರೆಯುವವರೂ, ಶಾಲೆಗೆ ಮಕ್ಕಳನ್ನು ಕಳುಹಿಸುವವರೂ ಆಗಿರುವುದರಿಂದ, ಅವರಿಗೆ ಬೇರೊಂದು ಹೆಸರಿಡಲು ಜನರಿಗೆ ಮನಸ್ಸು ಬಂದಿರಲಾರದು.

ಸಾಹಿತ್ಯದಲ್ಲಿ ಇಂಥ ನೆರವಿಯು ಹೇಗೆ ಬಂದಿದೆ, ಅದು ತಾನು ಹುಟ್ಟಿದ ಸಮಾಜವನ್ನು ಏನು ಮಾಡುತ್ತದೆ ಎಂಬುದನ್ನು ಕೆಲವು ಪ್ರಸಿದ್ಧ ಕೃತಿಗಳ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ. ಫ್ರೆಂಚ್ ಲೇಖಕನಾದ ಗುಸ್ತಾವ್ ಲ ಬೋನನು 1895ರಲ್ಲಿ ಜನಸಂದಣಿಯ ಮನಸ್ಸನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಸಂದಣಿಯಲ್ಲಿ ಸೇರಿದ ಮನುಷ್ಯನು ತನ್ನ ಬುದ್ಧಿಯನ್ನು ಕಳೆದುಕೊಂಡು ನಾಗರಿಕತೆಯ ಏಣಿಯಲ್ಲಿ ಅನೇಕ ಮೆಟ್ಟಿಲು ಕೆಳಗಿಳಿಯುತ್ತಾನೆಂಬುದು ಅವನ ಸಿದ್ಧಾಂತ. ಈ ಮಾತು ಬಹು ಬೇಗ ವಿದ್ಯಾವಂತರಿಗೆ ಪ್ರಿಯವಾಯಿತು, ಆಗದೆ ಏನು? ಅದನ್ನು ಓದುವವನು ಯಾವಾಗಲೂ ಮಹಡಿಯ ಮೇಲೆ ನಿಂತು ಬೀದಿಯನ್ನು ನೋಡುವ ಸ್ಥಾನದಲ್ಲಿರುತ್ತಾನೆ. ಆದರೆ ಒಳ್ಳೆಯ ಕವಿಗಳೂ ನಾಟಕಕಾರರೂ ಕಂಡದ್ದು ಇದಕ್ಕಿಂತ ಹೆಚ್ಚಿನದು. ಅವರು ಮಹಡಿಯಿಂದ ಇಳಿದು ಬಂದು ನೋಡಿದರು.

ಮೊದಲು ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ತೆಗೆದುಕೊಳ್ಳೋಣ. 1599ರ ಸುಮಾರಿಗೆ ರಚಿತವಾದ ಈ ನಾಟಕದಲ್ಲಿ ಆಂಟನಿಯ ಭಾಷಣವನ್ನು ನಮ್ಮ ಶಾಲಾಬಾಲಕರೂ ಬಾಯಿಪಾಠ ಮಾಡಿದ್ದುಂಟು. ಅದರ ಮುಂದಿನ ಚಿಕ್ಕ ದೃಶ್ಯವನ್ನು ಮಾತ್ರ ಓದುಗರು ದಾಟಿಹೋಗುವುದು ವಾಡಿಕೆ. ರಂಗದ ಮೇಲೂ ಅದನ್ನು ಬಿಟ್ಟುಬಿಡುವುದು ಬಹುಕಾಲ ರೂಢಿಯಾಗಿದ್ದಿತು. ಸಿನ್ನಾ ಎಂಬ ಕವಿಯು ಬೀದಿಯಲ್ಲಿ ಹೋಗುತ್ತಿರುವಾಗ ಜನರು ಅವನನ್ನು ಮುತ್ತಿ, ಹೆಸರೇನು, ಎಲ್ಲಿಗೆ ಹೋಗುತ್ತೀ, ಮನೆಯೆಲ್ಲಿ, ಮದುವೆಯಾಗಿದೆಯೇ ಎಂದು ಒಬ್ಬರ ಮೇಲೊಬ್ಬರು ಪ್ರಶ್ನಿಸುತ್ತಾರೆ. ಸೀಸರನನ್ನು ಕೊಂದ ಪಿತೂರಿಗಾರರಲ್ಲಿ ಒಬ್ಬನ ಹೆಸರೂ ಸಿನ್ನಾ. ತಾನು ಅವನಲ್ಲ, ಕವಿಯೆಂದು ಈತನು ಬೇಡಿಕೊಂಡಾಗ, ಹಾಗಾದರೆ ಕೆಟ್ಟ ಕವಿತೆಗಳನ್ನು ಬರೆದದ್ದಕ್ಕಾಗಿ ಕೊಲ್ಲಿರೆಂದು ಒಬ್ಬನು ಕೂಗುತ್ತಾನೆ. ಸಿನ್ನಾ ಎಂಬ ಹೆಸರಿರುವುದೇ ಸಾಕೆಂದು ಅವನೇ ತೀರ್ಮಾನಿಸುತ್ತಾನೆ. ಅಲ್ಲಿಗೆ ಕವಿಯ ಕಥೆ ಮುಗಿಯುತ್ತದೆ.

ಪ್ಲುಟಾರ್ಕನ ಚರಿತ್ರೆಯಲ್ಲಿ ಈ ಪ್ರಸಂಗದ ಮೂಲವಿದೆ. ಅಲ್ಲಿ ಸಿನ್ನಾ ಸೀಸರನ ಸ್ನೇಹಿತ. ಸೀಸರನು ತನ್ನನ್ನು ಊಟಕ್ಕೆ ಕರೆದಂತೆಯೂ, ತಾನು ಒಲ್ಲೆನೆಂದರೂ ಕೈಹಿಡಿದು ಎಳೆದಂತೆಯೂ ಹಿಂದಿನ ರಾತ್ರಿ ಕನಸು ಕಂಡಿರುತ್ತಾನೆ. ಅಲ್ಲಿಯ ಜನರು ನಿಜವಾಗಿಯೂ ಮೋಸಹೋಗುತ್ತಾರೆ. ಅವರದು ಗುರುತು ತಪ್ಪಿದ ಅನಾಹುತ. ಷೇಕ್ಸ್‌ಪಿಯರನು ಮಾಡಿದ ಬದಲಾವಣೆ ಅಲ್ಪವಾದರೂ ಘೋರವಾದದ್ದು. ಅವನ ಜನಕ್ಕೆ ತಪ್ಪು ತಿಳಿದುಬರುತ್ತದೆ. ತಿಳಿದ ಮೇಲೆ ಕೊಲ್ಲುತ್ತಾರೆ. ಲ ಬೋನನ ಸಂದಣಿಗೆ ಬುದ್ಧಿಯಿಲ್ಲ. ಈ ಸಂದಣಿಗೆ ಬುದ್ಧಿಯಿದೆ, ವಿನೋದವೂ ಇದೆ. ಆ ವಿನೋದವನ್ನು ಕಂಡೇ ನಮ್ಮ ಮೈ ನಡುಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕದ್ದು. ಪ್ರಶ್ನೆ ಕೇಳುವವರಿಗೆ ನಾಟಕದಲ್ಲಿ ಹೆಸರಿಲ್ಲ. ಮೊದಲನೆಯ ಪ್ರಜೆ, ಎರಡನೆಯ ಪ್ರಜೆ ಎಂದು ಸಂಖ್ಯೆ ಮಾತ್ರ. ಆ ದೃಶ್ಯದಲ್ಲಿ ಹೆಸರುಳ್ಳವನು ಒಬ್ಬನೇ, ಅವನು ಆ ಹೆಸರಿನಿಂದಲೇ ಸಾಯುತ್ತಾನೆ.

ಹೀಗೆ ಹೆಸರಿಲ್ಲದವರು ಹೆಸರುಳ್ಳವನನ್ನು ಮುತ್ತುವುದು ನೆರವಿಯ ಮೊದಲ ಲಕ್ಷಣವೆಂದು ಇಟ್ಟುಕೊಂಡರೆ, ಬೇರೆ ಕೃತಿಗಳಲ್ಲಿ ಇದು ಎಲ್ಲಿಯವರೆಗೆ ನಿಲ್ಲುತ್ತದೆಂದು ನೋಡಬಹುದು.

ಡಿಕೆನ್ಸನ ‘ಎರಡು ನಗರಗಳ ಕಥೆ’ (1859) ಈ ವಿಷಯದಲ್ಲಿ ಹೆಸರಾದ ಕಾದಂಬರಿ. ಫ್ರಾನ್ಸಿನ ಕ್ರಾಂತಿಯಲ್ಲಿ ಎದ್ದ ಜನವನ್ನು ಅವನು ಉಕ್ಕುವ ಸಮುದ್ರಕ್ಕೆ ಹೋಲಿಸುತ್ತಾನೆ. ಆ ಹೋಲಿಕೆಯನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಎಳೆಯುತ್ತಾನೆ. ವರ್ಣನೆಯ ಬಲವನ್ನು ಅಲ್ಲಗಳೆಯಲಾಗದು. ಆದರೆ ಸಮುದ್ರಕ್ಕೆ ಪಾಪವೆಲ್ಲಿ? ಜನವನ್ನು ಪ್ರವಾಹವೆಂದೋ ಕಾಡುಮೃಗವೆಂದೋ ಚಿತ್ರಿಸಿದ ಕ್ಷಣವೇ ಲೇಖಕನು ಅವರ ಹೊಣೆಯನ್ನು ಕಳಚಿಬಿಡುತ್ತಾನೆ, ತನ್ನ ಹೊಣೆಯನ್ನೂ ಕೂಡ. ಡಿಕೆನ್ಸನಿಗೆ ಈ ಕೊರತೆ ಅಂತರಂಗದಲ್ಲಿ ತಿಳಿದಿದ್ದಿತೆಂದು ತೋರುತ್ತದೆ. ಶ್ರೀಮಂತನ ರಥಕ್ಕೆ ಸಿಕ್ಕಿ ಸತ್ತ ಕೂಸಿನ ತಂದೆಗೆ ಅವನು ಗಾಸ್ಪಾರ್ ಎಂದು ಹೆಸರು ಕೊಟ್ಟಿದ್ದಾನೆ. ಆ ತಂದೆಯ ಆಕ್ರಂದನದ ಪುಟಗಳು ಸಮುದ್ರದ ಪುಟಗಳಿಗಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತವೆ.

ಇಲ್ಲಿಂದ ನಾವು ಬೀದಿಯನ್ನು ಬಿಟ್ಟು ಮರ್ಯಾದಸ್ಥರ ಸಭೆಗೆ ಬರಬೇಕು. ನಾರ್ವೆ ದೇಶದ ಹೆನ್ರಿಕ್ ಇಬ್ಸೆನನು 1882ರಲ್ಲಿ ಪ್ರಕಟಿಸಿದ ‘ಜನಶತ್ರು’ ನಾಟಕವು ನಮ್ಮ ವಿಚಾರಕ್ಕೆ ಅತ್ಯಂತ ಉಪಯುಕ್ತವಾದದ್ದು. ಕಥೆ ಬಹುಮಂದಿಗೆ ತಿಳಿದದ್ದೇ. ಒಂದು ಸಣ್ಣ ಪಟ್ಟಣವು ಆರೋಗ್ಯಸ್ನಾನಗಳಿಂದ ಏಳಿಗೆಗೆ ಬರುತ್ತಿದೆ. ಆ ನೀರು ವಿಷಮಯವಾಗಿದೆಯೆಂದು ವೈದ್ಯನಾದ ಸ್ಟಾಕ್‌ಮನ್ ಕಂಡುಹಿಡಿಯುತ್ತಾನೆ. ಊರಿನ ಅಧ್ಯಕ್ಷನು ಅವನ ಸ್ವಂತ ಅಣ್ಣ. ಪತ್ರಿಕೆಯವರು ಮೊದಲು ಬೆಂಬಲಿಸಿ, ಖರ್ಚಿನ ಲೆಕ್ಕ ಕೇಳಿದೊಡನೆ ತಿರುಗಿಬೀಳುತ್ತಾರೆ. ನಾಲ್ಕನೆಯ ಅಂಕದಲ್ಲಿ ಸಭೆ ಸೇರುತ್ತದೆ. ಮನೆಮಾಲೀಕರ ಸಂಘದ ಮುಖ್ಯಸ್ಥನೂ ಮುದ್ರಕನೂ ಆದ ಅಸ್ಲಾಕ್ಸೆನ್ ಅದಕ್ಕೆ ಅಧ್ಯಕ್ಷ. ಈತನಿಗೆ ಮಿತವೇ ಪರಮಧರ್ಮ. ಪ್ರತಿ ಮಾತಿಗೂ ಸಂಯಮವನ್ನು ಜಪಿಸುವವನು. ವೈದ್ಯನು ಜನಶತ್ರುವೆಂಬ ಗೊತ್ತುವಳಿಯನ್ನು ಕ್ರಮಬದ್ಧವಾಗಿ ಮತಕ್ಕೆ ಹಾಕಿ, ಒಬ್ಬ ಕುಡುಕನ ಮತವೊಂದನ್ನುಳಿದು ಸರ್ವಾನುಮತದಿಂದ ಅಂಗೀಕೃತವಾಯಿತೆಂದು ಈತನೇ ಸಾರುತ್ತಾನೆ. ಗುಂಪೆಂದರೆ ಕ್ರಮವಿಲ್ಲದ್ದು ಎಂಬ ನಮ್ಮ ನಂಬಿಕೆಗೆ ಇಬ್ಸೆನನು ಕೊಟ್ಟ ಪೆಟ್ಟು ಇದು. ಅವನ ಗುಂಪಿಗೆ ಅಧ್ಯಕ್ಷನಿದ್ದಾನೆ, ನಡಾವಳಿಯಿದೆ, ಗೊತ್ತುವಳಿಯಿದೆ.

ಆದರೂ ನಾಟಕದ ಸತ್ತ್ವವಿರುವುದು ನಾಲ್ಕನೆಯ ಅಂಕದಲ್ಲಲ್ಲ, ಐದನೆಯದರಲ್ಲಿ ಎಂದು ನಮ್ಮ ಅಭಿಪ್ರಾಯ. ರಾತ್ರಿಯ ಗಲಭೆ ಮುಗಿದು ಬೆಳಗಾಗಿದೆ. ವೈದ್ಯನ ಮನೆಯ ಕಿಟಕಿಗಳು ಒಡೆದಿವೆ. ಗಾಜು ಹಾಕುವವನು ಬರಲೊಲ್ಲ. ಮನೆಯ ಒಡೆಯನು ಮನೆ ಬಿಡಲು ಸೂಚನೆ ಕಳುಹಿಸಿದ್ದಾನೆ. ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ಮಗಳನ್ನು ಕೆಲಸದಿಂದ ತೆಗೆದಿದ್ದಾರೆ. ಸಭೆಗೆ ತನ್ನ ಮನೆಯಲ್ಲಿ ಎಡೆಗೊಟ್ಟ ನಾವಿಕನು ಹಡಗಿನ ಕೆಲಸವನ್ನು ಕಳೆದುಕೊಂಡಿದ್ದಾನೆ. ಇವರೆಲ್ಲರ ಮಾತೂ ಒಂದೇ: ತಮಗೆ ವೈಯಕ್ತಿಕವಾಗಿ ಏನೂ ದ್ವೇಷವಿಲ್ಲ, ಆದರೆ ಬೇರೆಯವರ ದೆಸೆಯಿಂದ ಬೇರೆ ಗತಿಯಿಲ್ಲ. ಆ ಬೇರೆಯವರು ಯಾರು? ಅವರನ್ನು ಕೇಳಿದರೆ ಅವರೂ ಇದನ್ನೇ ಹೇಳಿಯಾರು. ನಮ್ಮ ಮನೆಗಳಲ್ಲಿ ‘ನಾಲ್ಕು ಜನ ಏನೆಂದಾರು’ ಎಂದು ಹೇಳುವುದುಂಟಷ್ಟೆ. ಆ ನಾಲ್ವರನ್ನು ಯಾರೂ ಹೆಸರಿಟ್ಟು ಕರೆದದ್ದನ್ನು ನಾವು ಕೇಳಿಲ್ಲ. ಹೆಣ್ಣುಮಕ್ಕಳ ವಿದ್ಯೆಯನ್ನು ನಿಲ್ಲಿಸಿದವರೂ, ವಿಧವೆಯನ್ನು ಮೂಲೆಗೆ ಕೂರಿಸಿದವರೂ, ಜಾತಿ ಮೀರಿ ಮದುವೆಯಾದ ಮಗನನ್ನು ಹೊಸಲಿನಾಚೆ ನಿಲ್ಲಿಸಿದವರೂ ಆ ನಾಲ್ವರೇ. ಅವರಿಗಾಗಿ ಬೀದಿಯಲ್ಲಿ ಹುಡುಕಬೇಕಾಗಿಲ್ಲ. ಮನೆಯ ನಡುಮನೆಯಲ್ಲಿಯೇ ಅವರಿಗೆ ಮಣೆ ಹಾಕಿದೆ.

ಈ ಅಂಕದಲ್ಲಿ ಒಂದು ಸಣ್ಣ ಸಂಗತಿಯುಂಟು. ವೈದ್ಯನು ಮನೆಯೊಳಕ್ಕೆ ಬಿದ್ದ ಕಲ್ಲುಗಳನ್ನು ಆರಿಸಿ ರಾಶಿಮಾಡುತ್ತಾನೆ. ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗುವೆನೆನ್ನುತ್ತಾನೆ. ಆ ರಾಶಿಯಲ್ಲಿ ಕಲ್ಲೆನ್ನಬಹುದಾದವು ಎರಡೇ, ಉಳಿದುದೆಲ್ಲ ಬರಿಯ ಹರಳು ಎಂದು ಅವನು ಜರೆಯುತ್ತಾನೆ. ಎಸೆದವರಿಗೆ ಎಸೆಯಬೇಕೆಂಬ ಮನಸ್ಸೂ ಪೂರ್ತಿಯಾಗಿರಲಿಲ್ಲ. ಎಸೆದಂತೆ ಕಾಣಬೇಕೆಂಬುದಷ್ಟೇ ಇತ್ತು. ಸಮಾಜದ ಮನಸ್ಸನ್ನು ಇಷ್ಟು ಸೂಕ್ಷ್ಮವಾಗಿ ಕಂಡವರು ವಿರಳ.

ಇಬ್ಸೆನನ ಕೃತಿಯಲ್ಲಿ ದೋಷವಿಲ್ಲದೆ ಇಲ್ಲ. ಸಭೆಯಲ್ಲಿ ವೈದ್ಯನು ಬಹುಮತವೆಂದರೆ ಯಾವಾಗಲೂ ತಪ್ಪೆಂದು ಸಾಧಿಸುತ್ತ, ಬೀದಿನಾಯಿಯನ್ನೂ ಒಳ್ಳೆಯ ತಳಿಯ ನಾಯಿಯನ್ನೂ ಹೋಲಿಸಿ ಮನುಷ್ಯರಿಗೂ ಅದೇ ನ್ಯಾಯವನ್ನು ಹಚ್ಚುತ್ತಾನೆ. ಹುಟ್ಟಿನಿಂದ ಮೇಲುಕೀಳನ್ನು ಅಳೆಯುವ ಮಾತಿನ ಫಲವನ್ನು ಸಾವಿರಾರು ವರ್ಷ ಉಂಡ ನಮ್ಮ ನಾಡಿನ ವಾಚಕರಿಗೆ ಇದು ಕಹಿಯಾಗದೆ ಇರದು. ಅಮೆರಿಕದ ಆರ್ಥರ್ ಮಿಲ್ಲರನು 1950ರಲ್ಲಿ ಈ ನಾಟಕವನ್ನು ರೂಪಾಂತರಿಸಿದಾಗ ಈ ಭಾಗವನ್ನು ಬಿಟ್ಟದ್ದು ಉಚಿತವೇ. ಆದರೆ ಬಿಟ್ಟುದರಿಂದ ನಷ್ಟವೂ ಉಂಟಾಯಿತು. ಗುಂಪಿನಿಂದ ಪೀಡಿತನಾದವನು ಗುಂಪನ್ನು ಮನುಷ್ಯರೆಂದು ಕಾಣಲಾರದೆ ಹೋಗುವುದು ಇಬ್ಸೆನನ ಮೂಲದಲ್ಲಿ ಕಾಣುತ್ತದೆ. ಮಿಲ್ಲರನ ನಾಯಕನು ಶುದ್ಧನಾಗಿ ಉಳಿದು, ಸ್ವಲ್ಪ ಸಪ್ಪೆಯಾದನು. ಸತ್ಯಜಿತ್ ರಾಯರು 1989ರಲ್ಲಿ ಇದೇ ಕಥೆಯನ್ನು ಬಂಗಾಳಕ್ಕೆ ತಂದು ‘ಗಣಶತ್ರು’ ಎಂಬ ಚಿತ್ರವನ್ನು ಮಾಡಿದರು. ಸ್ನಾನದ ನೀರಿನ ಬದಲು ದೇವಾಲಯದ ತೀರ್ಥವೆಂದದ್ದು ಬಹು ಜಾಣ್ಮೆಯ ಮಾರ್ಪಾಟು. ಕೊನೆಯಲ್ಲಿ ವೈದ್ಯನಿಗೆ ಜಯಕಾರ ಹಾಕುವ ಯುವಕರ ಧ್ವನಿಯು ಹೊರಗಿನಿಂದ ಕೇಳಿಸುತ್ತದೆ. ಪ್ರೇಕ್ಷಕರಿಗೆ ಸಮಾಧಾನವಾಗುತ್ತದೆ, ನಿಜ. ಆದರೆ ಒಂದು ಗುಂಪಿಗೆ ಇನ್ನೊಂದು ಗುಂಪೇ ಉತ್ತರವೆಂದಂತಾಯಿತಲ್ಲವೆ?

ಮಿಲ್ಲರನ ಸ್ವಂತ ನಾಟಕವಾದ ‘ದಿ ಕ್ರೂಸಿಬಲ್’ (1953) ಈ ರೂಪಾಂತರಕ್ಕಿಂತ ಬಹಳ ಮೇಲಾದದ್ದು. 1692ರಲ್ಲಿ ಅಮೆರಿಕದ ಸೇಲಂ ಎಂಬಲ್ಲಿ ಮಾಟಗಾರಿಕೆಯ ಅಪವಾದದ ಮೇಲೆ 19 ಮಂದಿಯನ್ನು ನೇಣುಹಾಕಿದರು. ಗೈಲ್ಸ್ ಕೋರಿ ಎಂಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಇಲ್ಲಿ ನಾವು ಮೊದಲು ಹೇಳಿದ ಲಕ್ಷಣವು ತಿರುವು ಮುರುವಾಗುತ್ತದೆ. ಸೇಲಮಿನ ನೆರವಿಗೆ ಹೆಸರುಗಳೇ ಆಹಾರ. ಅಪರಾಧವನ್ನು ಒಪ್ಪಿಕೊಂಡವಳು ಬದುಕಿಯಾಳು, ಆದರೆ ಇನ್ನಾರನ್ನು ಕಂಡೆಯೆಂದು ಹೇಳಬೇಕು. ದಾಸಿಯಾದ ಟಿಟೂಬಾ ಪ್ರಾಣಭಯದಿಂದ ಎರಡು ಹೆಸರು ಹೇಳುತ್ತಾಳೆ. ಅಲ್ಲಿಂದ ಬಾಲೆಯರ ಬಾಯಿಂದ ಹೆಸರುಗಳ ಸರಪಳಿ ಬೆಳೆಯುತ್ತದೆ. ನೆರೆಯವನ ಹೊಲದ ಮೇಲೆ ಕಣ್ಣಿಟ್ಟ ಪಟ್ನಮನಂಥವರಿಗೆ ಅದೇ ಸುಗ್ಗಿ. ಸೆರೆಯಾದ ಗೃಹಿಣಿಯರು ಸಜ್ಜನರೆಂದು 91 ಮಂದಿ ಸಹಿಮಾಡಿದ ಪತ್ರವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿದರೆ, ಆ 91 ಮಂದಿಯನ್ನೂ ವಿಚಾರಣೆಗೆ ಎಳೆತರಲು ಅಪ್ಪಣೆಯಾಗುತ್ತದೆ. ಈ ಒಂದು ದೃಶ್ಯದಲ್ಲಿ ಸಮುದಾಯವೊಂದು ಹೇಗೆ ಒಡೆಯುತ್ತದೆಂಬುದು ಸ್ಪಷ್ಟವಾಗುತ್ತದೆ. ಒಬ್ಬರಿಗೊಬ್ಬರು ಸಾಕ್ಷಿಯಾಗಿ ನಿಲ್ಲುವುದರಿಂದಲೇ ಊರು ಊರಾಗಿರುವುದು. ಸಾಕ್ಷಿ ನಿಂತವನೇ ಆರೋಪಿಯಾದರೆ ಊರಿನಲ್ಲಿ ಮನೆಗಳು ಉಳಿಯುತ್ತವೆ, ಊರು ಉಳಿಯುವುದಿಲ್ಲ.

ನಾಯಕನಾದ ಪ್ರಾಕ್ಟರನು ಕೊನೆಯಲ್ಲಿ ಸುಳ್ಳು ತಪ್ಪೊಪ್ಪಿಗೆಗೆ ಸಹಿಮಾಡಲು ಒಪ್ಪುತ್ತಾನೆ. ಆದರೆ ಬೇರೊಬ್ಬರ ಹೆಸರು ಹೇಳುವುದಿಲ್ಲ, ಸಹಿಯಾದ ಕಾಗದವನ್ನು ದೇವಮಂದಿರದ ಬಾಗಿಲಿಗೆ ಅಂಟಿಸಲು ಕೊಡುವುದಿಲ್ಲ. ತನ್ನ ಹೆಸರು ತನಗೆ ಬೇಕೆಂದು ಹರಿದುಹಾಕಿ ನೇಣಿಗೆ ನಡೆಯುತ್ತಾನೆ. ಮಿಲ್ಲರನನ್ನೇ 1956ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯೊಂದು ಕರೆಸಿ, ಕಮ್ಯೂನಿಸ್ಟರೆಂದು ಶಂಕಿತರಾದ ಜೊತೆಗಾರರ ಹೆಸರು ಕೇಳಿತು, ಅವನು ಹೇಳಲಿಲ್ಲ. 1957ರಲ್ಲಿ ತಪ್ಪಿತಸ್ಥನೆನಿಸಿ, 1958ರಲ್ಲಿ ಮೇಲಿನ ನ್ಯಾಯಾಲಯದಿಂದ ಬಿಡುಗಡೆ ಹೊಂದಿದನು. ನಾಟಕವು ಮೊದಲು, ಜೀವನವು ಅನಂತರ; ಕವಿಗಳಿಗೆ ಹೀಗಾಗುವುದುಂಟು.

ಹೆಸರಿನ ಶಕ್ತಿಯನ್ನು ಶುಭವಾದ ಕಡೆಯಿಂದ ತೋರಿಸಿದ ಕೃತಿ ಹಾರ್ಪರ್ ಲೀ ಎಂಬ ಲೇಖಕಿಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960). ಅಲಬಾಮಾ ಪ್ರಾಂತದ ಒಂದು ಸಣ್ಣ ಊರು. ಅನ್ಯಾಯವಾಗಿ ಆರೋಪಕ್ಕೊಳಗಾದ ಕಪ್ಪು ಜನಾಂಗದ ಟಾಮ್ ರಾಬಿನ್ಸನ್ ಸೆರೆಮನೆಯಲ್ಲಿದ್ದಾನೆ. ಅವನ ವಕೀಲನಾದ ಆಟಿಕಸ್ ರಾತ್ರಿ ಬಾಗಿಲ ಬಳಿ ದೀಪವಿಟ್ಟುಕೊಂಡು ಓದುತ್ತ ಕುಳಿತಿದ್ದಾನೆ. ಕೈದಿಯನ್ನು ಎಳೆದೊಯ್ಯಲು ಜನ ಬರುತ್ತಾರೆ. ವಕೀಲನ ಎಳೆಯ ಮಗಳು ಓಡಿಬಂದು, ಗುಂಪಿನಲ್ಲಿ ತನ್ನ ಸಹಪಾಠಿಯ ತಂದೆಯಾದ ಕನಿಂಗ್‌ಹ್ಯಾಮನನ್ನು ಗುರುತಿಸಿ, ಹೆಸರು ಹಿಡಿದು ಮಾತನಾಡಿಸುತ್ತಾಳೆ. ಅವನ ಜಮೀನಿನ ತಕರಾರು ಏನಾಯಿತೆಂದು ಕೇಳುತ್ತಾಳೆ, ಮಗನಿಗೆ ನಮಸ್ಕಾರ ಹೇಳಿರೆನ್ನುತ್ತಾಳೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಬಗ್ಗಿ ಮಗುವಿನ ಹೆಗಲು ಮುಟ್ಟಿ, ಹೇಳುತ್ತೇನಮ್ಮ ಎಂದು, ತನ್ನವರನ್ನು ಹಿಂದಕ್ಕೆ ಕರೆದೊಯ್ಯುತ್ತಾನೆ. ಒಂದು ಹೆಸರು ಕೇಳಿಬಂದೊಡನೆ ಸಂದಣಿಯು ಬಿಡಿಬಿಡಿಯಾದ ಗೃಹಸ್ಥರಾಗಿ ಕರಗಿತು.

ಈ ದೃಶ್ಯವನ್ನು ಭಾವುಕತೆಯೆಂದು ತಳ್ಳಿಹಾಕುವ ವಿಮರ್ಶಕರುಂಟು. ಅವರು ಮುಂದಿನ ಪುಟಗಳನ್ನೂ ಕೂಡಿಸಿ ಓದಬೇಕು. ಎದುರಿನ ಕಿಟಕಿಯಲ್ಲಿ ಬಂದೂಕು ಹಿಡಿದು ಆಟಿಕಸನನ್ನು ಕಾಯುತ್ತಿದ್ದ ಪತ್ರಿಕಾಕರ್ತನು ಕಪ್ಪು ಜನರನ್ನು ಕಂಡರಾಗದವನು. ಇನ್ನು ಟಾಮನಿಗೆ ನ್ಯಾಯ ದೊರಕಿತೆ? ಇಲ್ಲ. ರಾತ್ರಿ ಬಾರದೆ ಹಿಂತಿರುಗಿದ ಸಾವು ಹಗಲಿನಲ್ಲಿ ಹನ್ನೆರಡು ಪಂಚರ ರೂಪದಲ್ಲಿ ಬರುತ್ತದೆ. ಆ ಹನ್ನೆರಡರಲ್ಲಿ ನಿರಪರಾಧಿಯೆಂದು ಕೆಲಕಾಲ ಹಟಹಿಡಿದವನೊಬ್ಬನಿದ್ದನು. ಅವನು ಕನಿಂಗ್‌ಹ್ಯಾಮನ ಬಂಧು. ಮಗುವಿನ ಮಾತಿನ ಫಲ ಅಷ್ಟೇ: ಒಬ್ಬ ಮನುಷ್ಯನ ಕೆಲವು ಗಂಟೆಗಳ ಸಂದೇಹ. ಲೀ ಅದಕ್ಕಿಂತ ಹೆಚ್ಚು ಕೊಡದೆ ಹೋದದ್ದೇ ಅವಳ ಪ್ರಾಮಾಣಿಕತೆ.

ಇಷ್ಟರಿಂದ ಗುಂಪಿನಲ್ಲಿರುವವರನ್ನು ಹೆಸರಿಟ್ಟು ಕರೆದರೆ ಸಾಕು, ಮನುಷ್ಯತ್ವವು ಮರಳುತ್ತದೆ ಎಂದು ಯಾರಾದರೂ ನಿರ್ಣಯಿಸುವುದಾದರೆ, ಅವರಿಗೆ ಶರ್ಲಿ ಜಾಕ್ಸನಳ ‘ದಿ ಲಾಟರಿ’ ಎಂಬ ಸಣ್ಣ ಕಥೆಯನ್ನು ಓದಲು ಹೇಳುವೆವು. 1948ರ ಜೂನ್ ತಿಂಗಳಲ್ಲಿ ಅಮೆರಿಕದ ಒಂದು ವಾರಪತ್ರಿಕೆಯಲ್ಲಿ ಪ್ರಕಟವಾದ ಈ ಕಥೆಯಲ್ಲಿ ಹಳ್ಳಿಯವರೆಲ್ಲರೂ ಹೆಸರುಳ್ಳವರೇ. ಪಟ್ಟಿಯಿಂದ ಒಂದೊಂದು ಮನೆತನದ ಹೆಸರನ್ನು ಕೂಗಿ ಚೀಟಿ ಎತ್ತಿಸುತ್ತಾರೆ; ಚುಕ್ಕೆಯಿರುವ ಚೀಟಿ ಬಂದವಳನ್ನು ಕಲ್ಲೆಸೆದು ಕೊಲ್ಲುತ್ತಾರೆ. ಸ್ವಲ್ಪ ಮೊದಲು ಅವಳೊಡನೆ ನಗುತ್ತ ಮಾತನಾಡಿದ ಗೆಳತಿಯೇ ಎರಡು ಕೈಗಳಿಂದ ಎತ್ತಬೇಕಾದಂಥ ಕಲ್ಲನ್ನು ಆರಿಸಿಕೊಳ್ಳುತ್ತಾಳೆ. ಅವಳ ಪುಟ್ಟ ಮಗನ ಕೈಗೂ ಯಾರೋ ಹರಳುಗಳನ್ನು ಕೊಡುತ್ತಾರೆ. ಇಬ್ಸೆನನ ಪಟ್ಟಣದವರ ಹರಳಿಗೂ ಈ ಹೆಂಗಸಿನ ಬಂಡೆಗೂ ಇರುವ ಅಂತರವೇ, ಅಂಜಿಕೆಯಿಂದ ಸೇರಿದ ಗುಂಪಿಗೂ ಸಂಪ್ರದಾಯದಿಂದ ಸೇರಿದ ಗುಂಪಿಗೂ ಇರುವ ಅಂತರ. ಎರಡನೆಯದರಲ್ಲಿ ಕೋಪವೇ ಇಲ್ಲ. ಕೆಲಸ ಬೇಗ ಮುಗಿಸಿ ಮಧ್ಯಾಹ್ನದ ಊಟಕ್ಕೆ ಹೋಗಬೇಕೆಂಬ ಅವಸರವಿದೆ.

ನಮ್ಮ ಭಾರತದ ದ್ಯೂತಸಭೆ ಇಲ್ಲಿ ನೆನಪಾಗದೆ ಇರದು. ಅಲ್ಲಿ ಹೆಸರಿಲ್ಲದವರು ಯಾರು? ಭೀಷ್ಮ, ದ್ರೋಣ, ಕೃಪ, ಧೃತರಾಷ್ಟ್ರ, ಎಲ್ಲರೂ ಮಹಾನಾಮರೇ. ದ್ರೌಪದಿಯ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯರು ತಲೆತಗ್ಗಿಸಿದರು. ಕೌರವರಲ್ಲಿಯೇ ಕಿರಿಯನಾದ ವಿಕರ್ಣನು ಎದ್ದು ನಿಂತು ನ್ಯಾಯವನ್ನಾಡಿದನು, ಕರ್ಣನು ಅವನ ಬಾಯಿ ಮುಚ್ಚಿಸಿದನು. ಕುಮಾರವ್ಯಾಸನ ಈ ಸಂದರ್ಭವನ್ನು ಗಮಕಿಗಳು ಓದುವಾಗ ಕೇಳುವವರು ದುಶ್ಶಾಸನನನ್ನು ಶಪಿಸುತ್ತಾರೆ. ಆದರೆ ಆ ಸಭೆಯಲ್ಲಿ ದುಶ್ಶಾಸನನ ಕೈಗೆ ಬಲ ಕೊಟ್ಟದ್ದು ಸಿಂಹಾಸನಗಳ ಮೌನ. ಅದನ್ನು ಗುಂಪೆನ್ನಲು ನಮ್ಮ ನಾಲಗೆ ಏಳದಿರುವುದು ಅಲ್ಲಿಯ ಉಡುಪುಗಳ ಬೆಲೆಯಿಂದಲೇ ಇರಬೇಕು.

ಇನ್ನು ಕಲ್ಯಾಣ. 12ನೆಯ ಶತಮಾನದಲ್ಲಿ ಅಲ್ಲಿ ಕೂಡಿದ ಶರಣರ ಗಣವನ್ನು ನೆನೆದರೆ, ಅದು ಹೆಸರುಗಳ ಸಮುದಾಯವೆಂಬುದು ಮೊದಲು ಹೊಳೆಯುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೋಳಿಗೆ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಹೆಸರಿನ ಹಿಂದೆಯೇ ಕಾಯಕ. ಲೋಕವು ಕುಲವೆಂದು ಹೀನೈಸಿದ್ದನ್ನು ಅವರು ಹೆಸರಿನ ಮುಂದೆ ಎತ್ತಿ ಹಿಡಿದರು. ವಚನದಲ್ಲಿ ಅಂಕಿತವು ದೇವರದು, ದನಿ ಮಾತ್ರ ಒಬ್ಬೊಬ್ಬರದೂ ಬೇರೆ. ಒಟ್ಟಿಗಿದ್ದೂ ಒಬ್ಬೊಬ್ಬರಾಗಿ ಉಳಿದ ಇಂಥ ಕೂಟವು ಜಗತ್ತಿನ ಸಾಹಿತ್ಯದಲ್ಲಿ ಅಪರೂಪ. ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ವಿವಾಹವಾದದ್ದೂ, ತಂದೆಗಳಿಬ್ಬರಿಗೂ ಘೋರಶಿಕ್ಷೆಯಾದದ್ದೂ, ಬಿಜ್ಜಳನ ಕೊಲೆಯೂ, ಶರಣರು ಚದುರಿದ್ದೂ ಪರಂಪರೆಯು ಹೇಳಿಕೊಂಡು ಬಂದ ಕಥೆ.

ಈ ಕಥೆಯನ್ನು ಗಿರೀಶ ಕಾರ್ನಾಡರು ‘ತಲೆದಂಡ’ (1990) ನಾಟಕದಲ್ಲಿ ಎತ್ತಿಕೊಂಡರು. ಅಯೋಧ್ಯೆಯ ಮಂದಿರದ ಹೆಸರಿನಲ್ಲಿಯೂ ಮಂಡಲ್ ವರದಿಯ ಹೆಸರಿನಲ್ಲಿಯೂ ದೇಶದ ಬೀದಿಗಳಲ್ಲಿ ಜನ ಸೇರತೊಡಗಿದ್ದ ಕಾಲದಲ್ಲಿ ಬರೆದ ನಾಟಕವಿದು. ಎದುರಾಳಿಗಳನ್ನು ಮಾತ್ರ ಗುಂಪಾಗಿ ತೋರಿಸದೆ, ಶರಣರೊಳಗೇ ಗುಂಪು ಹುಟ್ಟುವ ಬಗೆಯನ್ನು ಅವರು ತೋರಿಸಿದ್ದು ಧೈರ್ಯದ ಕೆಲಸ. ಜಗದೇವನೆಂಬ ತರುಣನು ಇದಕ್ಕೆ ಕೇಂದ್ರ. ನಾಟಕವು ತೆರೆಯುವುದು ಅವನ ಮನೆಯಲ್ಲಿ. ತಂದೆ ಸಾಯುತ್ತ ಮಗನ ಹೆಸರು ಕೂಗುತ್ತಿದ್ದಾನೆ, ಮಗನು ಸ್ನೇಹಿತರೊಡನೆ ಭಂಡಾರದ ಕಾವಲಿಗೆ ಹೋಗಿದ್ದಾನೆ. ಲೆಕ್ಕ ಸರಿಯಾಗಿತ್ತೆಂಬ ಸರಳವಾದ ಸಂಗತಿಯನ್ನು ಜನರು ಬಸವಣ್ಣನ ಪವಾಡವೆಂದು ಹಾಡತೊಡಗುತ್ತಾರೆ. ಬಸವಣ್ಣನು ಪವಾಡವನ್ನು ಒಲ್ಲ, ಜನ ಕೇಳುವುದಿಲ್ಲ. ಕಾವಲು ನಿಂತ ಹುಡುಗರನ್ನು ಎಲ್ಲರೂ ಮರೆಯುತ್ತಾರೆ. ಮುಂದೆ ಅರಮನೆಯ ಗುಡಿಯಲ್ಲಿ ಅಡಗಿದ ಬಿಜ್ಜಳನ ಮೇಲೆ ಕತ್ತಿ ಎತ್ತುವವನು ಈ ಜಗದೇವನೇ.

ಕಾರ್ನಾಡರ ಬಸವಣ್ಣನು ಹೆಚ್ಚು ತರ್ಕಿಸುತ್ತಾನೆ, ಕಡಿಮೆ ಉರಿಯುತ್ತಾನೆ ಎಂಬ ಆಕ್ಷೇಪಣೆಯಲ್ಲಿ ನಿಜಾಂಶವಿದೆ. ವಚನಗಳಲ್ಲಿ ಕೇಳಿಬರುವ ಆರ್ತಸ್ವರವು ಈ ಪಾತ್ರದಲ್ಲಿ ಕ್ಷೀಣವಾಗಿದೆ. ಆದರೆ ಭಕ್ತಿಯಿಂದ ಕೂಡಿದ ಗುಂಪೂ ಮನುಷ್ಯನ ಹೆಸರನ್ನು ಕಸಿದುಕೊಳ್ಳುತ್ತದೆಯೆಂಬುದನ್ನು, ಪವಾಡವನ್ನು ಹೊರಿಸಿಕೊಂಡು ತಬ್ಬಿಬ್ಬಾಗಿ ನಿಂತ ಅವರ ಬಸವಣ್ಣನಲ್ಲಿ ಕಾಣಬಹುದು. ಷೇಕ್ಸ್‌ಪಿಯರನ ಜನರು ಕವಿಯ ಹೆಸರನ್ನು ಬೇರೊಬ್ಬನಿಗೆ ಕೊಟ್ಟು ಅವನನ್ನು ಕೊಂದರು. ಕಲ್ಯಾಣದ ಜನರು ಪ್ರೀತಿಯಿಂದಲೇ ಹೆಸರನ್ನು ಎತ್ತಿ ಗುಡಿಯಲ್ಲಿಟ್ಟರು. ಶರಣರ ಸಂಖ್ಯೆ 1,96,000 ಎಂದು ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಅವರಲ್ಲಿ ವಚನಗಳ ಮೂಲಕ ಹೆಸರಿನಿಂದ ನಮಗೆ ತಿಳಿದವರು ಕೆಲವು ನೂರು ಮಂದಿ ಮಾತ್ರ. ಉಳಿದವರು ಊರು ಬಿಟ್ಟು ಯಾವ ದಾರಿಯಲ್ಲಿ, ಯಾರ ಕೈ ಹಿಡಿದು ನಡೆದರೆಂಬುದನ್ನು ಬರೆಯುವ ಕಾದಂಬರಿಕಾರನಿಗಾಗಿ ಕನ್ನಡವು ಇನ್ನೂ ಕಾದಿದೆ.